ತೂಕವಿಲ್ಲದೆ ಬೀಳುವ ವಿದ್ಯೆ

ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್ ತನ್ನ ಡಿಫೆಂಡರುಗಳಿಂದ ಬಯಸುವುದು ಅಂಥ ದೊಡ್ಡದೇನೂ ಅಲ್ಲ. ಚೆಂಡೆಸೆಯಲು ನಿಂತ ಕ್ವಾರ್ಟರ್‌ಬ್ಯಾಕ್ ಮೇಲೆ 140 ಕಿಲೋ ತೂಗುವ ಆಳೊಬ್ಬ ಓಡಿಬಂದು ಎರಗಬೇಕು, ಅವನನ್ನು ಕೆಡವಲೂಬೇಕು. ಆದರೆ ತಲೆಗೆ ತಾಗಬಾರದು, ಮೊಣಕಾಲಿಗೆ ತಾಗಬಾರದು, ಎತ್ತಿ ಕುಕ್ಕಬಾರದು, ಇಬ್ಬರೂ ನೆಲ ಸೇರುವ ಹೊತ್ತಿಗೆ ತನ್ನ ದೇಹಭಾರದ ಪೂರ್ತಿಯನ್ನಾಗಲಿ ಬಹುಪಾಲನ್ನಾಗಲಿ ಅವನ ಮೇಲೆ ಇಳಿಸಬಾರದು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದ ನಮ್ಮ ಹಿರಿಯರು ಕೂಡ ಹಾವಿಗೆ ನೋವಾಗಬಾರದೆಂಬ ಷರತ್ತು ಹಾಕಿರಲಿಲ್ಲ. ಲೆಕ್ಕದ ಪ್ರಕಾರ 69 ಕಿಲೋ ಇಳಿಸಿದರೆ ಅದು ಕ್ರೀಡೆ, 71 ಇಳಿಸಿದರೆ ‘ರಫಿಂಗ್ ದ ಪಾಸರ್’ ಎಂಬ ಅಪರಾಧ. ದಂಡ 15 ಗಜ, ಜೊತೆಗೆ ಎದುರಾಳಿಗೆ ಹೊಸದೊಂದು ಫಸ್ಟ್ ಡೌನ್, ಅಂದರೆ ಹತ್ತು ಗಜ ಮುಂದೊತ್ತಲು ಹೊಸದಾಗಿ ನಾಲ್ಕು ಅವಕಾಶ. ಉಳಿದ ತೂಕವನ್ನು ಆ ಅರೆಕ್ಷಣದಲ್ಲಿ ಎಲ್ಲಿ ಇಡಬೇಕೆಂಬುದನ್ನು ನಿಯಮಪುಸ್ತಕ ಹೇಳುವುದಿಲ್ಲ.

ಇದಕ್ಕೆ ಕಾರಣವೊಂದಿದೆ, ಅದು ಸುಳ್ಳೂ ಅಲ್ಲ. 2017ರ ಅಕ್ಟೋಬರ್‌ನಲ್ಲಿ ಗ್ರೀನ್ ಬೇ ಪ್ಯಾಕರ್ಸ್ ತಂಡದ ಕ್ವಾರ್ಟರ್‌ಬ್ಯಾಕ್ ಆರನ್ ರಾಜರ್ಸ್ ಮೇಲೆ ಮಿನ್ನೆಸೋಟ ವೈಕಿಂಗ್ಸ್‌ನ ಆಂಟನಿ ಬಾರ್ ಬಿದ್ದಾಗ ರಾಜರ್ಸ್ ಅವರ ಕೊರಳೆಲುಬು ಮುರಿಯಿತು. ಮರುವರ್ಷ ದೇಹಭಾರದ ನಿಯಮವನ್ನು ಕಟ್ಟುನಿಟ್ಟಾಗಿ ಜಾರಿಗೊಳಿಸುವಂತೆ ರೆಫರಿಗಳಿಗೆ ಸೂಚನೆ ಹೋಯಿತು. ಕ್ವಾರ್ಟರ್‌ಬ್ಯಾಕ್‌ಗಳನ್ನು ಕಾಯುವ ಈ ಬಿಗಿಯ ಫಲವನ್ನು ಬೇಗನೆ ಉಂಡವರು ಬೇರೆ ಯಾರೂ ಅಲ್ಲ, ರಾಜರ್ಸ್ ಅವರ ತಂಡದವರೇ. 2018ರ ಸೆಪ್ಟೆಂಬರ್‌ನಲ್ಲಿ ಅದೇ ವೈಕಿಂಗ್ಸ್ ವಿರುದ್ಧ ಪ್ಯಾಕರ್ಸ್ 29-21ರಿಂದ ಮುಂದಿದ್ದು, ಎದುರಾಳಿ ಎಸೆದ ಚೆಂಡನ್ನೂ ಕಸಿದುಕೊಂಡು ಗೆದ್ದೇಬಿಟ್ಟೆವೆಂದು ಕುಣಿಯುತ್ತಿದ್ದಾಗ, ಪ್ಯಾಕರ್ಸ್‌ನ ಕ್ಲೇ ಮ್ಯಾಥ್ಯೂಸ್ ಅವರು ಎದುರಾಳಿ ಕ್ವಾರ್ಟರ್‌ಬ್ಯಾಕ್ ಕರ್ಕ್ ಕಸಿನ್ಸ್ ಅವರನ್ನು ಎತ್ತಿ ಕುಕ್ಕಿದರೆಂದು ದಂಡ ಸಾರುವ ಹಳದಿ ಬಾವುಟ ಬಿತ್ತು. ಕಸಿದ ಚೆಂಡು ಹಿಂದಿರುಗಿತು, ಪಂದ್ಯ 29-29ರ ಸಮದಲ್ಲಿ ಮುಗಿಯಿತು. ಟೀಕೆ ಜೋರಾದಾಗ ಲೀಗ್ ಮಾಡಿದ್ದೇನೆಂದರೆ, ಆ ಟ್ಯಾಕಲ್ಲನ್ನು ‘ಹೀಗೆ ಮಾಡಬಾರದು’ ಎಂಬ ಪಾಠದ ವಿಡಿಯೊಗೆ ಸೇರಿಸಿಕೊಂಡಿತು.

2022ರ ಅಕ್ಟೋಬರ್ 9 ಮತ್ತು 10, ಈ ಎರಡು ದಿನಗಳನ್ನು ಶಾಸ್ತ್ರಜ್ಞರು ವಿಶೇಷವಾಗಿ ಅಧ್ಯಯನ ಮಾಡಬೇಕು. ಮೊದಲ ದಿನ ಅಟ್ಲಾಂಟಾದ ಗ್ರೇಡಿ ಜ್ಯಾರೆಟ್, ಟಾಮ್ ಬ್ರೇಡಿಯವರ ಸೊಂಟ ಹಿಡಿದು, ನಿದ್ದೆ ಹೋದ ಕೂಸನ್ನು ತೊಟ್ಟಿಲಿಗೆ ಇಳಿಸುವವರಿಗಿಂತ ತುಸುವೇ ಜೋರಾಗಿ ನೆಲಕ್ಕೆ ಉರುಳಿಸಿದರು. ಅನಾವಶ್ಯಕವಾಗಿ ನೆಲಕ್ಕೆ ಎಸೆದದ್ದೇ ತಪ್ಪು ಎಂಬುದು ರೆಫರಿಯ ವಿವರಣೆ. ಕ್ವಾರ್ಟರ್‌ಬ್ಯಾಕನ್ನು ಅವಶ್ಯಕವಾಗಿ ಎಸೆಯಲು ನೆಲವಲ್ಲದೆ ಬೇರೆ ಯಾವ ಜಾಗವಿದೆಯೋ ತಿಳಿಯದು. ಮರುರಾತ್ರಿ ಕ್ಯಾನ್ಸಸ್ ಸಿಟಿಯ ಕ್ರಿಸ್ ಜೋನ್ಸ್, ಡೆರೆಕ್ ಕಾರ್ ಅವರ ಕೈಯಿಂದ ಚೆಂಡನ್ನೇ ಕಿತ್ತುಕೊಂಡು, ಒಂದು ಕೈ ನೆಲಕ್ಕೂರಿ ಬಿದ್ದರು, ಆದರೂ ದಂಡ. ಚೆಂಡು ಜೋನ್ಸ್ ಅವರ ಕೈಯಲ್ಲಿದ್ದರೂ ಎಸೆಯುವವನ ರಕ್ಷಣೆ ಕಾರ್ ಅವರಿಗೇ ಉಳಿಯಿತು.

ಆದರೆ ರೆಫರಿಗಳನ್ನು ಬೈಯುವುದು ಅನ್ಯಾಯ. ಸಂದೇಹ ಬಂದಾಗ ರೆಫರಿ ಯಾವಾಗಲೂ ದಂಡವನ್ನೇ ವಿಧಿಸಬೇಕೆಂದು ನಿಯಮಪುಸ್ತಕವೇ ಅಪ್ಪಣೆ ಕೊಟ್ಟಿದೆ. ನ್ಯಾಯಾಲಯದಲ್ಲಿ ಸಂದೇಹದ ಲಾಭ ಆರೋಪಿಗೆ ಸಿಕ್ಕರೆ, ಇಲ್ಲಿ ಅದು ದುಬಾರಿ ಮೂಳೆಗೆ ಸಿಗುತ್ತದೆ. 2020ರಲ್ಲಿ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಅವರೊಂದಿಗೆ ಆದ 10 ವರ್ಷಗಳ ಒಪ್ಪಂದದ ಮೌಲ್ಯ 45 ಕೋಟಿ ಡಾಲರ್; ಅಂಥ ಆಸ್ತಿಯ ಮೇಲೆ ಯಾರೋ ಬಂದು ಬೀಳುವುದನ್ನು ಯಾವ ಮಾಲೀಕ ಸಹಿಸಿಯಾನು? ಅದೇ ಮೈದಾನದಲ್ಲಿ ಚೆಂಡನ್ನು ಕಂಕುಳಲ್ಲಿ ಇರುಕಿಕೊಂಡು ನುಗ್ಗುವ ರನ್ನಿಂಗ್ ಬ್ಯಾಕ್ ಮೇಲೆ ಮೂವರು ತಮ್ಮ ಪೂರ್ತಿ ತೂಕದೊಂದಿಗೆ ಬಿದ್ದರೆ ಅದು ಪುರುಷಾರ್ಥ, ವೀಕ್ಷಕ ವಿವರಣೆಕಾರರಿಗೆ ರೋಮಾಂಚನ. ಆಟಗಾರರ ಸುರಕ್ಷತೆಯೇ ಮೊದಲು ಎನ್ನುವ ಲೀಗಿನ ಕರುಣೆ ಸಂಬಳದ ಪಟ್ಟಿಯನ್ನು ನೋಡಿಕೊಂಡು ಉಕ್ಕುತ್ತದೆ.

ತಪ್ಪು ತೀರ್ಪನ್ನು ತಿದ್ದಬಹುದಲ್ಲವೇ ಎಂದು ಕೇಳುವವರಿದ್ದಾರೆ. ಚೆಂಡಿನ ತುದಿ ಗೆರೆ ದಾಟಿತೋ ಇಲ್ಲವೋ, ಹೆಬ್ಬೆರಳು ಅಂಚಿಗೆ ತಾಗಿತೋ ಇಲ್ಲವೋ ಎಂಬುದನ್ನು ಹತ್ತಾರು ಕ್ಯಾಮೆರಾಗಳಲ್ಲಿ ಹಿಂದೆ ಮುಂದೆ ಓಡಿಸಿ ನೋಡುವ ಈ ಲೀಗಿನ ಮುಂದೆ, ರಫಿಂಗ್ ದಂಡವನ್ನೂ ಮರುಪರಿಶೀಲಿಸೋಣವೆಂಬ ಪ್ರಸ್ತಾವವನ್ನು 2023ರಲ್ಲಿ ಲಾಸ್ ಏಂಜಲಿಸ್ ರ‍್ಯಾಮ್ಸ್ ಇಟ್ಟಿತು. ಮಾಲೀಕರ ಸಭೆಯಲ್ಲಿ ಅದು ಬಿದ್ದುಹೋಯಿತು, ಅದೂ ಪೂರ್ತಿ ತೂಕದೊಂದಿಗೆ.

ನಿಯಮವನ್ನು ಶ್ರದ್ಧೆಯಿಂದ ಪಾಲಿಸಿದವರೂ ಇಲ್ಲದಿಲ್ಲ. 2018ರ ಅದೇ ಸೆಪ್ಟೆಂಬರ್‌ನಲ್ಲಿ ಮಯಾಮಿಯ ವಿಲಿಯಂ ಹೇಯ್ಸ್, ಡೆರೆಕ್ ಕಾರ್ ಅವರನ್ನು ಕೆಡವುವಾಗ ತಮ್ಮ ಭಾರ ಅವರ ಮೇಲೆ ಬೀಳದಿರಲೆಂದು ಮೈ ತಿರುಚಿ, ತಮ್ಮದೇ ಮೊಣಕಾಲಿನ ಅಸ್ಥಿರಜ್ಜು ಹರಿದುಕೊಂಡರು. ಅವರ ಆ ವರ್ಷದ ಆಟ ಅಲ್ಲಿಗೆ ಮುಗಿಯಿತು. ಕೆಲವೇ ದಿನಗಳಲ್ಲಿ ಸೇರಿದ ಲೀಗಿನ ಸ್ಪರ್ಧಾ ಸಮಿತಿಯು ನಿಯಮವನ್ನು ಬದಲಿಸುವ ಅಗತ್ಯವಿಲ್ಲವೆಂದು ತೀರ್ಮಾನಿಸಿತು, ಹೇಗೆ ಕೆಡವಬೇಕು, ಹೇಗೆ ಕೆಡವಬಾರದು ಎಂಬುದನ್ನು ವಿಡಿಯೊ ತೋರಿಸಿ ತಿಳಿಹೇಳಲಾಯಿತು. ಅದನ್ನು ಕೂತು ನೋಡಲು ಹೇಯ್ಸ್ ಅವರಿಗೆ ಬೇಕಾದಷ್ಟು ಬಿಡುವಿತ್ತು.