ಗ್ರೂಪ್ ಫೋಟೊ ತೆಗೆದವರು

ಈ ಬೇಸಿಗೆಯಲ್ಲಿ ನಮ್ಮ ಕಾಲೇಜು ಬ್ಯಾಚಿನವರು ಸೇರಿದ್ದೆವು. ಗಂಡ, ಹೆಂಡತಿಯರ ಸಮೇತ. ಫೋಟೊಗಳನ್ನು ನೀವು ಆಗಲೇ ನೋಡಿರುತ್ತೀರಿ. ನಾವು 19 ಜನ ಮರದ ನೆರಳಲ್ಲಿ ಹಲ್ಲು ಬಿಟ್ಟುಕೊಂಡು ನಿಂತಿದ್ದೇವಲ್ಲ, ಅದನ್ನು ತೆಗೆದದ್ದು ನಮ್ಮ ಮನೆಯವರು. ನಾವು ನೆರಳಲ್ಲಿ, ಅವರು ಬಿಸಿಲಲ್ಲಿ. ಒಂದು ಫೋನಿನಲ್ಲಿ ತೆಗೆದು ಎಲ್ಲರಿಗೂ ಕಳಿಸಬಹುದಿತ್ತು. ಆದರೆ ‘ಸಾರ್, ನಂದ್ರಲ್ಲೂ ಒಂದು’ ಅಂತ ಏಳೆಂಟು ಫೋನು ಅವರ ಕೈಗೆ ಬಂದವು. ಪಾಪ, ಬೆವರು ಒರೆಸಿಕೊಳ್ಳುತ್ತಾ ಎಲ್ಲದರಲ್ಲೂ ತೆಗೆದರು. ಆ ಫೋಟೊದಲ್ಲಿ ಅವರು ಎಲ್ಲೂ ಇಲ್ಲ.

ಅವರು ಏನೂ ಅಂದುಕೊಳ್ಳಲಿಲ್ಲ. ಆದರೆ ನನಗೆ ಹೋದ ಬೇಸಿಗೆ ನೆನಪಾಯಿತು. ಆಗ ಅವರ ಬ್ಯಾಚು ಸೇರಿತ್ತು, ಜೊತೆಯಲ್ಲಿ ಹೋದವಳು ನಾನು. ಹೆಂಡತಿಯರೆಲ್ಲ ಫ್ಯಾನಿನ ಕೆಳಗೆ ಒಂದು ಕಡೆ ಕೂತಿದ್ದೆವು. ನಿಮಗೆ ಎಷ್ಟು ಮಕ್ಕಳು, ಏನು ಓದುತ್ತಿದ್ದಾರೆ, ಈ ಸಲ ಸೆಕೆ ಜಾಸ್ತಿ ಅಲ್ವಾ. ಇಷ್ಟು ಆಗುವುದಕ್ಕೆ ಹತ್ತು ನಿಮಿಷ ಸಾಕು. ಆಮೇಲೆ ಉಳಿದ ಆರು ಗಂಟೆ ಏನು ಮಾಡುವುದು? ಆಚೆ ಕಡೆಯಿಂದ ನಗು ಕೇಳಿಬಂದಾಗಲೆಲ್ಲ ನಾವೂ ಸುಮ್ನೆ ಆ ಕಡೆ ನೋಡಿ ನಗುತ್ತಿದ್ದೆವು. ಯಾಕೆ ನಗುತ್ತಿದ್ದೇವೆ ಅಂತ ನಮಗೇ ಗೊತ್ತಿರಲಿಲ್ಲ.

ಹೊರಗಿನವರು ಯಾರು ಅಂತ ಬಾಗಿಲಲ್ಲೇ ಗೊತ್ತಾಗಿಬಿಡುತ್ತದೆ. ಈ ಸಲ ನನಗೆ ‘ಲೇ, ಬಾರೇ’, ಪಕ್ಕದಲ್ಲಿದ್ದ ಇವರಿಗೆ ‘ಬನ್ನಿ ಸಾರ್, ಬನ್ನಿ’. ಒಂದೇ ಉಸಿರಿನಲ್ಲಿ ಏಕವಚನ, ಬಹುವಚನ ಎರಡೂ. ಗೌರವ ಸಿಕ್ಕಿತು ಅಂದರೆ ಕುರ್ಚಿ ದೂರದಲ್ಲಿ ಹಾಕಿದ್ದಾರೆ ಅಂತಲೇ ಅರ್ಥ.

ಹಳೆಯ ಸ್ನೇಹಿತರು ಸೇರಿದಾಗ ಕಾಲೇಜಿನ ಮಾತು ಬಿಟ್ಟು ಬೇರೆ ಮಾತೇ ಬರದಿರುವುದು ತಪ್ಪೇನಲ್ಲ. ಸುಮಾರು 10ರಿಂದ 30ರ ವಯಸ್ಸಿನ ನೆನಪುಗಳು ತೀರಾ ಈಚಿನವನ್ನು ಬಿಟ್ಟರೆ ಉಳಿದೆಲ್ಲ ವರ್ಷಗಳಿಗಿಂತ ಹೆಚ್ಚಾಗಿ ತಲೆಯಲ್ಲಿ ಉಳಿಯುತ್ತವೆ ಅಂತ ಮನಶ್ಶಾಸ್ತ್ರದವರೇ ಹೇಳುತ್ತಾರೆ. ನನ್ನ ತಕರಾರು ಬೇರೆ. ನಾವು ಕಥೆ ಹೇಳುವುದೇ ಇಲ್ಲ. ಕಥೆಯ ಹೆಸರು ಮಾತ್ರ ಹೇಳುತ್ತೇವೆ. ‘ಲ್ಯಾಬಿನ ಬೀಗ!’ ಅಂತ ಒಬ್ಬ ಅಂದರೆ ಸಾಕು, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತೇವೆ. ಗೊತ್ತಿಲ್ಲದವರಿಗೆ ಅದರಲ್ಲಿ ಏನಿದೆ? ಜನರನ್ನು ಮನೆಗೆ ಕರೆದು ಬಾಗಿಲು ಹಾಕಿಕೊಂಡ ಹಾಗೆ.

ಈ ಸಲವೂ ಹಾಗೇ ಆಗುತ್ತಿತ್ತು. ಗೆಳೆಯನೊಬ್ಬನ ಹೆಂಡತಿ ಸುಮ್ಮನಿರಲಿಲ್ಲ. ‘ಏನದು ಲ್ಯಾಬಿನ ಬೀಗ? ನಂಗೆ ಮೊದಲಿಂದ ಹೇಳಿ’ ಅಂದರು. ಹೇಳಲು ಹೊರಟಾಗಲೇ ನಮ್ಮ ಬಂಡವಾಳ ಗೊತ್ತಾದದ್ದು. ಸಹಪಾಠಿಯೊಬ್ಬನನ್ನು ಸಂಜೆ ಲ್ಯಾಬಿನಲ್ಲಿ ಕೂಡಿಹಾಕಿದ್ದರು ಅನ್ನುವುದಷ್ಟೇ ಎಲ್ಲರೂ ಒಪ್ಪಿದ ವಿಷಯ. ಹತ್ತು ನಿಮಿಷ ಅಂತ ಒಬ್ಬಳು, ಎರಡು ಗಂಟೆ ಅಂತ ಇನ್ನೊಬ್ಬ. ಮಳೆ ಬರುತ್ತಿತ್ತು ಅಂತ ಒಬ್ಬ, ಪರೀಕ್ಷೆಯ ಹಿಂದಿನ ದಿನ ಅಂತ ಮತ್ತೊಬ್ಬ. ಬೀಗ ಹಾಕಿದ್ದು ತಾನೇ ಅಂತ ಇಬ್ಬರು ಜಗಳಕ್ಕೇ ನಿಂತರು. ಫ್ರೆಡರಿಕ್ ಬಾರ್ಟ್ಲೆಟ್ ಎಂಬ ಬ್ರಿಟಿಷ್ ಮನಶ್ಶಾಸ್ತ್ರಜ್ಞ 1932ರಲ್ಲೇ ಇದನ್ನು ತೋರಿಸಿದ್ದ. ಒಂದು ಕಥೆಯನ್ನು ಮತ್ತೆ ಮತ್ತೆ ನೆನಪಿಸಿಕೊಂಡು ಹೇಳುವಾಗ ಜನ ತಮಗೆ ಒಗ್ಗುವ ಹಾಗೆ ಅದನ್ನು ತಿದ್ದುತ್ತಾ ಹೋಗುತ್ತಾರಂತೆ. ನಾವು 28 ವರ್ಷ ತಿದ್ದಿದ್ದೆವು. ಈಗ ಅದು ಬರೀ ತಮಾಷೆ.

ಆ ಸಹಪಾಠಿಯೂ ಅಲ್ಲೇ ಇದ್ದ. ನಗುತ್ತಲೇ ಇದ್ದ. ಈ ಕಥೆಗೆ ಅವನು ಯಾವಾಗಲೂ ನಗುತ್ತಾನೆ. ಆಗ ಅವನ ಹೆಂಡತಿ, ಅಲ್ಲಿಯವರೆಗೂ ಒಂದು ಮಾತೂ ಆಡದವರು, ‘ಇವರು ಈಗಲೂ ಬಚ್ಚಲುಮನೆ ಚಿಲಕ ಹಾಕಿಕೊಳ್ಳೋದಿಲ್ಲ’ ಅಂದರು. ದೂರು ಹೇಳುವ ದನಿಯಲ್ಲ. ಎಲ್ಲರಿಗೂ ಗೊತ್ತಿರುವ ವಿಷಯ ಅನ್ನುವ ಹಾಗೆ ಹೇಳಿದರು. ನಮಗೆ ಯಾರಿಗೂ ಗೊತ್ತಿರಲಿಲ್ಲ.

ಗಂಡ ಹೆಂಡತಿ ನೆನಪನ್ನು ತಮ್ಮೊಳಗೆ ಹಂಚಿಟ್ಟುಕೊಳ್ಳುತ್ತಾರೆ ಅಂತ ಡೇನಿಯಲ್ ವೆಗ್ನರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1985ರಲ್ಲಿ ಬರೆದಿದ್ದರು. ಇದು ನಿನಗೆ ನೆನಪಿರಲಿ, ಅದು ನನಗಿರಲಿ ಅನ್ನುವ ಹಾಗೆ. ಬಿಲ್ ಕಟ್ಟುವ ದಿನ, ಬೀಗದ ಕೈ ಇಟ್ಟ ಜಾಗ, ನೆಂಟರ ಹೆಸರು ಇಂಥವಕ್ಕೆ ಮಾತ್ರ ಅಂದುಕೊಂಡಿದ್ದೆ. ಆ ಸಹಪಾಠಿಯ ಕಾಲೇಜಿನ ಒಂದು ಸಂಜೆಯೂ ಅವನ ಹೆಂಡತಿಯ ಹತ್ತಿರ ಇತ್ತು. ಅವನ ಜೊತೆ ಮೂರು ವರ್ಷ ಕೂತು ಓದಿದ ನಮ್ಮ ಹತ್ತಿರ ಇರಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ. ಮನೆಯವರನ್ನು ಕರೆಯುವುದಾದರೆ ಪ್ರೇಕ್ಷಕರ ಹಾಗೆ ಕರೆಯಬೇಡಿ. ನಮ್ಮ ಹಳೇ ನಗುವನ್ನು ನೋಡಿ ಚಪ್ಪಾಳೆ ತಟ್ಟುವುದಕ್ಕೆ ಅವರು ರಜೆ ಹಾಕಿ ಬರಬೇಕಾ? ನಾವು ನಾವೇ ಹರಟಬೇಕು ಅನಿಸಿದರೆ ಅದಕ್ಕೂ ಒಂದು ದಿನ ಇಟ್ಟುಕೊಳ್ಳೋಣ. ಅದರಲ್ಲಿ ನಾಚಿಕೆ ಏನಿದೆ?

ಇನ್ನೊಂದು ವಿಷಯ. ವಾಟ್ಸಾಪ್ ಗ್ರೂಪಿನಲ್ಲಿ ಪೋಲ್ ಹಾಕಿದ್ದರು. ‘ಜೋಡಿಯಾಗಿ ಬರುತ್ತೇವೆ’, ‘ಬರುವುದಿಲ್ಲ’ ಅಂತ ಎರಡೇ ಸಾಲು. ಎರಡು ವರ್ಷದ ಹಿಂದೆ ಗಂಡನನ್ನು ಕಳೆದುಕೊಂಡ ಗೆಳತಿ ಯಾವುದನ್ನೂ ಒತ್ತಲಿಲ್ಲ. ಅವಳು ಬರಲಿಲ್ಲ. ಆ ಪೋಲ್ ಹಾಕಿದವರಲ್ಲಿ ನಾನೂ ಒಬ್ಬಳು.

ವಾಪಸ್ ಬರುವಾಗ ಕಾರಿನಲ್ಲಿ ಇವರು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು, ‘ಅದ್ಸರಿ, ಇಬ್ರೂ ನಾನೇ ಬೀಗ ಹಾಕಿದ್ದು ಅಂದ್ರಲ್ಲ, ಕೀ ಯಾರ ಹತ್ರ ಇತ್ತು?’

19 ಜನರಲ್ಲಿ ಯಾರಿಗೂ ಹೊಳೆಯದ ಪ್ರಶ್ನೆ. ಕೀ ನನ್ನ ಹತ್ತಿರ ಇತ್ತು. ಬ್ಯಾಗಿನಲ್ಲಿ. ನಾನು ಮರೆತು ಹಾಸ್ಟೆಲಿಗೆ ಹೋಗಿಬಿಟ್ಟಿದ್ದೆ. ಎರಡು ಗಂಟೆ ಅಂದವನ ಲೆಕ್ಕವೇ ಸರಿ.

ಮರುದಿನ ಬೆಳಿಗ್ಗೆ ಲ್ಯಾಬಿನಲ್ಲಿ ಸಿಕ್ಕಿಕೊಂಡಿದ್ದವನಿಗೆ ಫೋನ್ ಮಾಡಿದೆ. ಎತ್ತಿದ್ದು ಅವನ ಹೆಂಡತಿ. ಏನು ಹೇಳಬೇಕು ಅಂತ ರಾತ್ರಿಯೆಲ್ಲ ಜೋಡಿಸಿಟ್ಟುಕೊಂಡಿದ್ದು ಮರೆತುಹೋಯಿತು. ಅವರಿಗೇ ಎಲ್ಲ ಹೇಳಿಬಿಟ್ಟೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇರಿ, ಅವರಿಗೇ ಕೊಡ್ತೀನಿ’ ಅಂದರು.

(ಅವರಿಬ್ಬರನ್ನೂ ಕೇಳಿಯೇ ಇದನ್ನು ಬರೆದಿದ್ದೇನೆ. ಕಾಮೆಂಟಿನಲ್ಲಿ ಅವನ ಹೆಸರು ಹಾಕಬೇಡಿ.)