ಹದಿನಾಲ್ಕನೇ ಮಹಡಿಯ ಕಾದಂಬರಿ

ಮೊನ್ನೆ ನಮ್ಮ ಹಾಸನದಲ್ಲೊಂದು ಕಾದಂಬರಿ ಬಿಡುಗಡೆಯಾಯಿತು. ಲೇಖಕರು ಬೆಂಗಳೂರಿನಿಂದ ಕಾರಿನಲ್ಲಿ ಬಂದು, "ನಮ್ಮ ಬೆಂಗಳೂರು ಕಳೆದುಹೋಯಿತು" ಅಂತ ಗದ್ಗದಿತರಾದರು. ಸಭೆಯಲ್ಲಿದ್ದ ಅರ್ಧ ಜನರ ಮಕ್ಕಳು ಅಲ್ಲೇ ಇರೋದು, ಯಾರೂ ಗಾಬರಿಯಾಗಲಿಲ್ಲ. ಚಪ್ಪಾಳೆ ಹೊಡೆದು, ಉಪ್ಪಿಟ್ಟು ತಿಂದು ಹೊರಟರು.

ಈಚಿನ ಬೆಂಗಳೂರು ಕಾದಂಬರಿಗಳ ಬಗ್ಗೆ ನನಗೆ ಅಪಾರ ಗೌರವ. ನಾಯಕ ಸಾಫ್ಟ್‌ವೇರಿನವನು, ಹದಿನಾಲ್ಕನೇ ಮಹಡಿಯಲ್ಲಿ ಫ್ಲ್ಯಾಟು, ಬಾಲ್ಕನಿಗೆ ಬಂದರೆ ಮೆಟ್ರೊ ಕಂಬ, ಕಂಬ ಕಂಡರೆ ಖಿನ್ನತೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಎರಡು ಅಧ್ಯಾಯ ನಿಂತಿರುತ್ತಾನೆ. ಸಿಗ್ನಲ್ ಬಿಡುವಷ್ಟರಲ್ಲಿ 'ನಾನು ಯಾರು' ಅನ್ನೋದು ಗೊತ್ತಾಗಿರುತ್ತದೆ. ರಮಣ ಮಹರ್ಷಿಗಳು ಇದಕ್ಕೋಸ್ಕರ ಸುಮ್ಮನೆ ಅರುಣಾಚಲದವರೆಗೆ ಹೋದರು.

ನಡುವೆ ಊರಿನಿಂದ ಅಮ್ಮನ ಫೋನು ಬರಲೇಬೇಕು. ಊರು ಅಂದರೆ ನಮ್ಮ ಕಡೆಯದೇ, ಸಕಲೇಶಪುರವೋ ಮೂಡಿಗೆರೆಯೋ. ಅಲ್ಲಿ ತೊಟ್ಟಿಮನೆ, ಜಡಿಮಳೆ, ಒಲೆ ಮುಂದೆ ಒಬ್ಬಂಟಿ ತಾಯಿ. "ಊಟ ಆಯ್ತೇನೋ ಮಗ?" ಅಂತ ಕೇಳಿ ಫೋನಿಟ್ಟುಬಿಡುತ್ತಾಳೆ. ನಾನು ಕಂಡ ಅಮ್ಮಂದಿರು ಹಾಗಿಲ್ಲ ಸ್ವಾಮಿ. ನಮ್ಮ ಬೀದಿಯಲ್ಲೊಬ್ಬರು ನೆಲಮಂಗಲದ ಸೈಟಿನ ರೇಟು ಚದರಡಿ ಲೆಕ್ಕದಲ್ಲಿ ಬಾಯಿಪಾಠ ಹೇಳ್ತಾರೆ. ಮಗನನ್ನ ಮೊದಲು ಕೇಳೋದು ಇಎಂಐ ಕಟ್ಟಿದ್ಯಾ ಅಂತ, ಊಟ ಆಮೇಲೆ. ಇನ್ನು ತೊಟ್ಟಿಮನೆ ಹೋಮ್‌ಸ್ಟೇ ಆಗಿ ಕಾಲವಾಯಿತು. ಶನಿವಾರ ಬಂತೆಂದರೆ ಅಂಗಳದ ತುಂಬ ಬೆಂಗಳೂರಿನ ಕಾರು. ಆದರೂ ಕಾದಂಬರಿಯಲ್ಲಿ ಬದಲಾಗುವ ಹಕ್ಕು ರಾಜಧಾನಿಗೆ ಮಾತ್ರ. ಇವರ ನೆನಪಿಗೆ ಅಡ್ಡಿಯಾಗದ ಹಾಗೆ ನಾವು ಒಡೆದ ಹೆಂಚೂ ಬದಲಾಯಿಸದೆ ಕೂತಿರಬೇಕು.

ಕೆರೆ ಸಾಯದೆ ಇಂಥ ಕಾದಂಬರಿ ಮುಗಿಯೋದಿಲ್ಲ. ಬೆಳ್ಳಂದೂರಿನ ನೊರೆ ಇಲ್ಲದಿದ್ದರೆ ಎಷ್ಟು ಕೊನೆಯ ಅಧ್ಯಾಯಗಳು ಅನಾಥವಾಗುತ್ತಿದ್ದವೋ! ಅಳಲಿ ಪಾಪ. ಆದರೆ ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಗಿ, ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಗಿ ಯಾವ ಕಾಲವಾಯಿತು? ಹಾಸನದಿಂದ ಟ್ರಂಕು ಹಿಡಿದು ಹೋದವರು ಬಸ್ಸಿಳಿದದ್ದೇ ಕೆರೆಯೊಳಕ್ಕೆ. ಅವತ್ತು ಯಾರಿಗೂ ಕಣ್ಣೀರು ಬರಲಿಲ್ಲ, ಆಟೊ ಬೇಕಿತ್ತು.

ತಮಾಷೆ ಇರಲಿ. 2016ರ ಏಪ್ರಿಲ್‌ನಲ್ಲಿ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಗಟ್ಟಲೆ ಬೀದಿಗಿಳಿದರು. ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷ ತುಂಬುವ ತನಕ ಮುಟ್ಟುವಂತಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ತಂದಿತ್ತು. ಹೊಸೂರು ರಸ್ತೆ ಬಂದ್ ಆಯಿತು, ಲಾಠಿ ಬೀಸಿದರು, ಎರಡೇ ದಿನದಲ್ಲಿ ಸರ್ಕಾರ ನಿಯಮ ವಾಪಸ್ ತಗೊಂಡಿತು. ಆ ಫ್ಯಾಕ್ಟರಿಗಳಲ್ಲಿ ನಮ್ಮ ಅರಸೀಕೆರೆ ಕಡೆಯ ಹುಡುಗಿಯರೂ ಕಾಲರ್ ಹೊಲೀತಾರೆ. ನಾನು ಓದಿದ ಯಾವ ಬೆಂಗಳೂರು ಕಾದಂಬರಿಯಲ್ಲೂ ಅವರಿಗೆ ಒಂದು ಸಾಲಿಲ್ಲ. ಆ ಶಹರವನ್ನ ಬದಲಾಯಿಸಿದವರು ಅವರಲ್ಲವೇನ್ರೀ? ಪಿಎಫ್ ಕಾದಂಬರಿಗೆ ವಸ್ತುವಲ್ಲ, ಮಳೆಮರದ ಎಲೆ ಉದುರಿದರೆ ವಸ್ತು! ಅದನ್ನ ಬರೆಯಬೇಕಾದರೆ ಬೆಳಗ್ಗೆ ಎದ್ದು ಹೋಗಿ ಫ್ಯಾಕ್ಟರಿ ಗೇಟಿನ ಮುಂದೆ ನಿಲ್ಲಬೇಕು. ಬಾಲ್ಕನಿಯಿಂದ ಕಾಣಲ್ಲ.