ಹೆಗಲೇರಿದ ಸೈಕಲ್ಲು

ಫ್ರಾನ್ಸಿನಲ್ಲಿ ಘಾಟಿಗಳನ್ನು ಕಲೆಹಾಕುವ ಹವ್ಯಾಸದ ಜನ ಇದ್ದಾರೆ. ತಮಾಷೆಗೆ ಹೇಳುತ್ತಿಲ್ಲ. ಇಂಥವರಿಗಾಗಿಯೇ 1972ರಿಂದ ಒಂದು ಸಂಘ ಇದೆ, ನೂರು ಘಾಟಿಗಳ ಸಂಘ. ಸೈಕಲ್ಲಿನಲ್ಲಿ ನೂರು ಬೇರೆ ಬೇರೆ ಘಾಟಿ ದಾಟಿರಬೇಕು, ಅದರಲ್ಲಿ ಐದಾದರೂ 2000 ಮೀಟರಿಗಿಂತ ಎತ್ತರದವು ಇರಬೇಕು, ಆಗ ಸದಸ್ಯರಾಗಬಹುದು. ಒಂದು ಘಾಟಿಯನ್ನು ಹತ್ತು ಸಲ ಹತ್ತಿದರೂ ಲೆಕ್ಕಕ್ಕೆ ಒಂದೇ. ಪಂದ್ಯ ಇಲ್ಲ, ಯಾರು ಮುಂದೆ ಯಾರು ಹಿಂದೆ ಅನ್ನುವ ಜಗಳ ಇಲ್ಲ. ಪಾಪದ ಸಂಘ. ಅವರ ಪಾಡಿಗೆ ಅವರು ಹತ್ತಿಕೊಂಡು ಇದ್ದಿದ್ದರೆ ನನಗೇನೂ ತೊಂದರೆ ಇರಲಿಲ್ಲ. ಆದರೆ ಮೊಂಪೆಲಿಯೆಯಲ್ಲಿ ನಮ್ಮ ಪಕ್ಕದ ಮನೆಯ ಮುಸ್ಯೂ (ಫ್ರೆಂಚಿನಲ್ಲಿ ಯಜಮಾನರು ಅಂದ ಹಾಗೆ) ಈ ಸಂಘದವರು.

ಮುಸ್ಯೂಗೆ ಎಪ್ಪತ್ತು ದಾಟಿದೆ. ನಿವೃತ್ತ ಲೆಕ್ಕದ ಮೇಷ್ಟ್ರು. ನಾನು ತೀರ್ಥಹಳ್ಳಿ ಕಡೆಯವನು, ನಮ್ಮೂರಿಂದ ಸ್ವಲ್ಪ ದೂರ ಹೋದರೆ ಆಗುಂಬೆ ಘಾಟಿ ಅಂತ ಒಂದು ಸಲ ಮೆಟ್ಟಿಲ ಮೇಲೆ ಸುಮ್ನೆ ಮಾತಿಗೆ ಹೇಳಿದ್ದೆ. ಅಷ್ಟೇ ಸಾಕಾಯಿತು. "ಘಾಟಿಯ ಊರಿನವರು! ಹಾಗಾದರೆ ನೀವು ಹತ್ತುತ್ತೀರಿ!" ಅಂದರು. ಆಗುಂಬೆಯ ಹದಿನಾಲ್ಕು ತಿರುವುಗಳನ್ನು ನಾನು ಹತ್ತಿದ್ದು ಮಿನಿ ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿಕೊಂಡು, ಬಾಯಿಗೆ ನಿಂಬೆಹಣ್ಣು ಇಟ್ಟುಕೊಂಡು, ಪ್ರತಿ ತಿರುವಿಗೂ ದೇವರ ಹೆಸರು ಹೇಳಿಕೊಂಡು ಅನ್ನುವುದನ್ನು ಫ್ರೆಂಚಿನಲ್ಲಿ ವಿವರಿಸುವಷ್ಟು ಭಾಷೆ ನನಗೆ ಇನ್ನೂ ಬಂದಿರಲಿಲ್ಲ. ನಕ್ಕೆ. ನಕ್ಕರೆ ಒಪ್ಪಿಗೆ ಅಂತ ಲೆಕ್ಕ.

ಮೊಂಪೆಲಿಯೆಯಿಂದ ಉತ್ತರಕ್ಕೆ ಹೋದರೆ ಸೆವೆನ್ ಗುಡ್ಡಗಾಡು. ಚೆಸ್ಟ್‌ನಟ್ ಮರದ ಕಾಡು, ಆಡು, ಕಲ್ಲಿನ ಮನೆಗಳ ಪುಟ್ಟ ಹಳ್ಳಿಗಳು. ಆಲ್ಪ್ಸ್‌ನ ಎತ್ತರ ಇದಕ್ಕಿಲ್ಲ. ಆದರೆ ಇಲ್ಲಿ ಒಂದು ಘಾಟಿ ಇಳಿದ ಖುಷಿಯಲ್ಲಿ ಬಾಟಲಿ ಬಾಯಿಗೆ ಇಡುವಷ್ಟರಲ್ಲಿ ಇನ್ನೊಂದು ಶುರುವಾಗಿರುತ್ತದೆ. ಕಲೆಹಾಕುವವರಿಗೆ ಸುಗ್ಗಿ. ಜೊತೆಗೆ ಹೋದವರ ಕಥೆಯನ್ನು ಯಾವ ಸಂಘವೂ ಬರೆದಿಡುವುದಿಲ್ಲ.

ಕಾರಿನ ಹಿಂದೆ ಸೈಕಲ್ಲು ಕಟ್ಟಿಕೊಂಡು ಮೇರುಯೀಸ್ ಅನ್ನುವ ಊರಿಗೆ ಹೋಗಿ, ಅಲ್ಲಿಂದ ಪೆರ್ಜುರೆ ಘಾಟಿ ಹತ್ತುವುದು, ಫ್ಲೋರಾಕ್ ಕಡೆಗೆ ಇಳಿಯುವುದು ಅಂತ ಯೋಜನೆ. ಪೆರ್ಜುರೆ 1028 ಮೀಟರು. ಇಲ್ಲಿನ ಎಷ್ಟೋ ಘಾಟಿಗಳಲ್ಲಿ ಪ್ರತಿ ಕಿಲೋಮೀಟರಿಗೂ ಸೈಕಲ್ಲಿನವರಿಗೆ ಅಂತಲೇ ಫಲಕ ಹಾಕಿರುತ್ತಾರೆ. ತುದಿಗೆ ಇನ್ನೆಷ್ಟು ದೂರ, ಮುಂದಿನ ಒಂದು ಕಿಲೋಮೀಟರಿನಲ್ಲಿ ಏರು ಎಷ್ಟು ಪರ್ಸೆಂಟು, ಎಲ್ಲ ಬರೆದಿರುತ್ತದೆ. ಇದನ್ನು ಯಾಕೆ ಉಪಕಾರ ಅಂದುಕೊಂಡಿದ್ದಾರೋ ಗೊತ್ತಿಲ್ಲ. ಏದುಸಿರು ಬಿಡುತ್ತಿರುವ ಮನುಷ್ಯನಿಗೆ "ಮುಂದೆ ಇನ್ನೂ ಜಾಸ್ತಿ ಇದೆ" ಅಂತ ಲಿಖಿತವಾಗಿ ತಿಳಿಸುವುದು ಯಾವ ನ್ಯಾಯ?

ತುದಿಯಲ್ಲಿ ಮುಸ್ಯೂ ದಕ್ಷಿಣಕ್ಕೆ ಕೈ ತೋರಿಸಿ ಎಗ್ವಾಲ್ ಬೆಟ್ಟದ ವರ್ಣನೆ ಶುರು ಮಾಡಿದರು. 1500 ಮೀಟರಿಗಿಂತ ಎತ್ತರ, ಮೇಲೆ ಕೋಟೆಯಂಥ ಹವಾಮಾನ ವೀಕ್ಷಣಾಲಯ, 1894ರದ್ದು, ವರ್ಷಕ್ಕೆ ಸುಮಾರು 2000 ಮಿಲಿಮೀಟರು ಮಳೆ, ಇಡೀ ಫ್ರಾನ್ಸಿನಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಒಂದು! ಬೆಳಗಿನಿಂದ ಮೊದಲ ಸಲ ನನಗೆ ಬೆನ್ನು ನೆಟ್ಟಗಾಯಿತು. ಆಗುಂಬೆಯಲ್ಲಿ 7000 ದಾಟುತ್ತದೆ ಅಂದೆ. "ಹತ್ತು ವರ್ಷಕ್ಕಾ?" ಅಂದರು. ಒಂದು ವರ್ಷಕ್ಕೆ ಅಂದೆ. ಲೆಕ್ಕದ ಮೇಷ್ಟ್ರು, ಮನಸ್ಸಿನಲ್ಲೇ ಭಾಗಿಸಿ ನೋಡಿ ಸುಮ್ಮನಾದರು. ಅಷ್ಟರಲ್ಲಿ ಎಗ್ವಾಲ್ ಕಡೆಯಿಂದ ಗಾಳಿ ಬೀಸಿತು. ನಮ್ಮ ಕಡೆ ಮಳೆ ಮೇಲಿಂದ ಕೆಳಗೆ ಬೀಳುತ್ತದೆ, ಇಲ್ಲಿ ಅಡ್ಡಡ್ಡ ಬಂದು ಕಿವಿಯೊಳಗೆ ಹೋಗುತ್ತದೆ. ನನ್ನ ಆಗುಂಬೆ ಭಾಷಣ ಅಲ್ಲಿಗೆ ಮುಗಿಯಿತು.

ಇಳಿಜಾರಿನ ಕಥೆ ಬೇರೆ. ಭಾರತದ ಸೈಕಲ್ಲುಗಳಲ್ಲಿ ಬಲಗೈ ಹಿಡಿದರೆ ಮುಂದಿನ ಚಕ್ರದ ಬ್ರೇಕು. ಫ್ರಾನ್ಸಿನಲ್ಲಿ ಎಡಗೈ. ಸಪಾಟು ರಸ್ತೆಯಲ್ಲಿ ಇದು ಏನೂ ಅಲ್ಲ. ಒದ್ದೆ ಇಳಿಜಾರಿನ ತಿರುವಿನಲ್ಲಿ ನಲವತ್ತು ವರ್ಷದ ಅಭ್ಯಾಸದ ಕೈಗಳಿಗೆ ಹೊಸ ಪಾಠ ಹೇಳಿಕೊಡುವುದು ಸುಲಭ ಅಲ್ಲ. ಎಡ ಅಂದರೆ ಮುಂದೆ, ಬಲ ಅಂದರೆ ಹಿಂದೆ ಅಂತ ಮಗ್ಗಿ ಹೇಳಿಕೊಂಡು ಇಳಿಯುತ್ತಿದ್ದೆ. ಅದೇ ಹೊತ್ತಿಗೆ ಮುಸ್ಯೂ ರಸ್ತೆ ಬದಿ ನಿಂತು ಒಂದು ಸ್ಮಾರಕ ತೋರಿಸಿದರು. 1960ರ ಸೈಕಲ್ ರೇಸು ಟೂರ್ ದ ಫ್ರಾನ್ಸ್‌ನಲ್ಲಿ ರೋಜೆ ರಿವಿಯೇರ್ ಅನ್ನುವ ಸವಾರ ಇದೇ ಇಳಿಜಾರಿನಲ್ಲಿ ನೆಂಚಿನಿಯನ್ನು ಬೆನ್ನಟ್ಟಿಕೊಂಡು ಹೋದವರು. ನೆಂಚಿನಿ ಇಟಲಿಯವರು, ಇಳಿಯುವುದರಲ್ಲಿ ಅವರನ್ನು ಮೀರಿಸುವವರು ಇಲ್ಲ ಅಂತ ಹೆಸರು. ತಿರುವಿನಲ್ಲಿ ರಿವಿಯೇರ್ ರಸ್ತೆ ಅಂಚಿನ ಗೋಡೆ ಹಾರಿ ಕಮರಿಗೆ ಬಿದ್ದರು. ಬೆನ್ನುಮೂಳೆ ಮುರಿಯಿತು. ಮತ್ತೆ ಅವರು ರೇಸಿಗೆ ಇಳಿಯಲೇ ಇಲ್ಲ. ಆಗ ಅವರಿಗಿನ್ನೂ 24. ಆ ವರ್ಷ ಗೆದ್ದಿದ್ದು ನೆಂಚಿನಿಯೇ.

ಇಂಥ ವಿಷಯವನ್ನು ಫ್ಲೋರಾಕ್ ಮುಟ್ಟಿದ ಮೇಲೆ ಕಾಫಿ ಕುಡಿಯುತ್ತಾ ಹೇಳಬಹುದಿತ್ತು, ಅಲ್ವಾ? ಅಲ್ಲಿಂದ ಕೆಳಗೆ ನಾನು ಎರಡೂ ಬ್ರೇಕು ಒಟ್ಟಿಗೆ ಹಿಡಿದುಕೊಂಡೇ ಇಳಿದೆ. ಒಂದು ಟ್ರಾಕ್ಟರು ನನ್ನನ್ನು ಹಿಂದೆ ಹಾಕಿ ಹೋಯಿತು. ಅದರಲ್ಲಿ ಕೂತ ಅಜ್ಜಿ ಕೈ ಬೀಸಿದರು.

ಕೆಳಗೆ ಒಂದು ಹಳ್ಳಿ ಸಿಕ್ಕಿತು. ಊಟ ಸಿಗಲಿಲ್ಲ. ಸೋಮವಾರ, ಬೇಕರಿಗೆ ರಜೆ. ಹನ್ನೆರಡೂ ಕಾಲು, ಅಂಗಡಿಯವರು ಊಟಕ್ಕೆ ಹೋಗಿ ಬಾಗಿಲು ಹಾಕಿದ್ದರು. ಹಸಿದವನಿಗೆ ಊಟ ಮಾರುವ ಹೊತ್ತಿಗೆ ಸರಿಯಾಗಿ ಅಂಗಡಿಯವರೇ ಊಟಕ್ಕೆ ಹೋಗುವ ದೇಶ ಇದು. ಚೀಲದಲ್ಲಿ ಅಮ್ಮ ಕಳಿಸಿದ ಕೋಡುಬಳೆ ಇತ್ತು. ಮುಸ್ಯೂ ಒಂದು ತಿಂದು ಕೆಂಪಾದರು, ಕಣ್ಣು ಒರೆಸಿಕೊಂಡರು, ಆಮೇಲೆ ಪೊಟ್ಟಣ ನನ್ನ ಕೈಗೆ ವಾಪಸು ಬರಲೇ ಇಲ್ಲ.

ಖಾರಕ್ಕೆ ನೀರು ಬೇಕಲ್ಲ. ಚೌಕದ ಕಾರಂಜಿ ಮೇಲೆ ಕುಡಿಯುವ ನೀರಲ್ಲ ಅಂತ ಬರೆದಿತ್ತು. ಮುಸ್ಯೂ ಸೀದಾ ಊರಾಚೆಯ ಸ್ಮಶಾನಕ್ಕೆ ಕರೆದುಕೊಂಡು ಹೋದರು. ಸಮಾಧಿಯ ಹೂಗಿಡಗಳಿಗೆ ಹಾಕಲು ಅಲ್ಲಿ ನಲ್ಲಿ ಇರುತ್ತದೆ, ಇಲ್ಲಿನ ಸೈಕಲ್ಲಿನವರೆಲ್ಲ ಬಾಟಲಿ ತುಂಬಿಸುವುದು ಅಲ್ಲೇ. ನಾನು ಬಾಟಲಿ ಹಿಡಿದು ನಿಂತ ಹೊತ್ತಿಗೇ ಅಮ್ಮನ ವಿಡಿಯೋ ಕಾಲ್ ಬರಬೇಕೇ?

"ಎಲ್ಲಿದೀಯೋ? ಹಿಂದೆ ಏನೋ ಕಲ್ಲು ಕಲ್ಲು ಕಾಣ್ತದೆ?"

"ಪಾರ್ಕು, ಅಮ್ಮ."

"ಪಾರ್ಕಿನಲ್ಲಿ ಶಿಲುಬೆ ಯಾಕೋ?"

ಫೋನಿನ ಚಾರ್ಜು ಮುಗೀತಿದೆ ಅಂದೆ. ಸಂಜೆ ಮನೆ ಹೊಕ್ಕುವ ಮುಂಚೆ ತಲೆಗೆ ಸ್ನಾನ ಮಾಡು ಅಂತ ಮೆಸೇಜು ಬಂತು.

ಮನೆಗೆ ಹೊರಡಬಹುದಿತ್ತು. ಆದರೆ ಮುಸ್ಯೂ ಇಪ್ಪತ್ತೈದು ಸಾವಿರಕ್ಕೆ ಒಂದರ ಅಳತೆಯ ನಕ್ಷೆ ಬಿಚ್ಚಿದರು. ಒಂದು ಸೆಂಟಿಮೀಟರು ಅಂದರೆ 250 ಮೀಟರು. ಅದರಲ್ಲಿ ಒಂದು ಮೂಲೆಯಲ್ಲಿ ಕನ್ನಡಕ ತೆಗೆದು ಓದಬೇಕಾದಷ್ಟು ಸಣ್ಣ ಅಕ್ಷರದಲ್ಲಿ ಇನ್ನೊಂದು ಘಾಟಿಯ ಹೆಸರು. ರಸ್ತೆ ಇಲ್ಲ, ಕಾಲುದಾರಿ. ಇಂಥದ್ದೂ ಸಂಘದ ಲೆಕ್ಕಕ್ಕೆ ಬರುತ್ತದೆ. ಷರತ್ತು ಒಂದೇ, ಸೈಕಲ್ಲೂ ನಿಮ್ಮ ಜೊತೆ ಘಾಟಿ ದಾಟಬೇಕು. ತುಳಿಯಿರಿ, ತಳ್ಳಿ, ಹೊತ್ತುಕೊಳ್ಳಿ, ಅದು ನಿಮ್ಮಿಷ್ಟ.

ಹೊತ್ತುಕೊಂಡೆವು. ಪೆಡಲ್ಲು ಬೆನ್ನಿಗೆ ಚುಚ್ಚುತ್ತಿತ್ತು, ಹ್ಯಾಂಡಲ್ಲು ಪ್ರತಿ ಪೊದೆಯ ಯೋಗಕ್ಷೇಮ ವಿಚಾರಿಸುತ್ತಿತ್ತು. ಅರ್ಧ ದಾರಿಯಲ್ಲಿ ಕುರಿ ಕಾಯುವ ಬಿಳಿ ನಾಯಿಗಳ ಫಲಕ ಬಂತು. ಪಾತು ಅನ್ನುತ್ತಾರೆ, ತೋಳವನ್ನೇ ಅಟ್ಟುವ ಗಾತ್ರ. ನಾಯಿ ಕಂಡರೆ ಸೈಕಲ್ಲಿನಿಂದ ಇಳಿಯಿರಿ, ನಿಧಾನವಾಗಿ ನಡೆಯಿರಿ ಅಂತ ಸೂಚನೆ. ನಾನು ಇಳಿದಿದ್ದು ಮಾತ್ರ ಅಲ್ಲ, ಸೈಕಲ್ಲೇ ನನ್ನ ಮೇಲೆ ಹತ್ತಿತ್ತು. ಒಂದು ನಾಯಿ ಬಂತು, ಬೊಗಳಿತು. ನನ್ನನ್ನು ಒಂದು ಸುತ್ತು ಹಾಕಿ, ಚಕ್ರ ಮೂಸಿ ನೋಡಿ, ಇದರಿಂದ ಕುರಿಗಳಿಗೇನೂ ಅಪಾಯ ಇಲ್ಲ ಅಂತ ತೀರ್ಮಾನಿಸಿ ಹೊರಟುಹೋಯಿತು. ಸ್ವಲ್ಪ ಅವಮಾನವೇ ಆಯಿತು.

ಘಾಟಿ ಬಂತು. ಬೋರ್ಡು ಇಲ್ಲ, ನೋಟ ಇಲ್ಲ, ಎರಡು ದಿಬ್ಬಗಳ ನಡುವೆ ಹುಲ್ಲು. ಮುಸ್ಯೂ ಅಂಗಿ ಸರಿಮಾಡಿಕೊಂಡು ಫೋಟೋ ತೆಗೆಸಿಕೊಂಡರು.

ರಾತ್ರಿ ಬಾಗಿಲು ತಟ್ಟಿದರು. ಕೈಯಲ್ಲಿ ಅವರ ಹಳೇ ನೋಟು ಪುಸ್ತಕ, ಮುಖ ಸಪ್ಪೆ. ಆ ಹುಲ್ಲಿನ ಘಾಟಿಯನ್ನು ಅವರು 1998ರಲ್ಲೇ ಇನ್ನೊಂದು ಕಡೆಯಿಂದ ಹತ್ತಿ ಬರೆದಿಟ್ಟಿದ್ದರಂತೆ. ಲೆಕ್ಕಕ್ಕೆ ಒಂದೇ. ಸಮಾಧಾನ ಹೇಳೋಣ ಅಂತ ಬಾಯಿ ತೆರೆದೆ.

"ಪರವಾಗಿಲ್ಲ, ನಿಮಗೆ ಸಿಕ್ಕಿತಲ್ಲ," ಅಂದರು. "ನಿಮ್ಮ ಪಟ್ಟಿ ಶುರುವಾಯಿತು. ಆದರೆ ಸೆವೆನ್‌ನಲ್ಲಿ ಎಲ್ಲಕ್ಕಿಂತ ಎತ್ತರದ ಶಿಖರವೇ 1699 ಮೀಟರು. 2000ದ ಐದು ಇಲ್ಲಿ ಸಿಗೋದಿಲ್ಲ."

ಬಗಲಲ್ಲಿ ಆಲ್ಪ್ಸ್‌ನ ನಕ್ಷೆ ಇತ್ತು. ನನ್ನ ಹೆಂಡತಿ ಒಳಗಿಂದ ಬಂದು, ಕೋಡುಬಳೆ ಇನ್ನೊಂದು ಡಬ್ಬಿ ಇದೆ, ಇಬ್ಬರೂ ಆರಾಮಾಗಿ ಹೋಗಿ ಬನ್ನಿ ಅಂದಳು.